ಯಾವ ವಾಲ್ವು

ಶಿಡ್ಲಘಟ್ಟ, ದಿಬ್ಬೂರಹಳ್ಳಿ ರಸ್ತೆಯ ಶೆಡ್ಡು.
ಬೇಯುವ ಗೂಡಿನ ವಾಸನೆಯಲ್ಲಿ ಕೂತು
ರೀಲಿಂಗ್ ಮಷೀನಿಗೆ ಇಂಗ್ಲಿಷಿನಲ್ಲಿ ಕೈಪಿಡಿ ಬರೆಯುತ್ತಿದ್ದೇನೆ.
ಮಷೀನು ಇಂಫಾಲಕ್ಕೆ. ಲಾರಿ ಶುಕ್ರವಾರಕ್ಕೆ.
ಹದಿನೆಂಟು ಪುಟ, ಪುಟಕ್ಕೆ ಅರವತ್ತು ರೂಪಾಯಿ,
ಟೀ ಅಕ್ಮಲ್ ಭಾಯ್ ಲೆಕ್ಕಕ್ಕೆ.

ಏಳನೇ ಪುಟ: ಬಾಣಲೆಯ ನೀರು ಖಾಲಿ ಮಾಡುವುದು.
'ಓಪನ್ ವಾಲ್ವ್' ಎಂದು ಬರೆದೆ.
ಗುಂಡಿ ಕಿತ್ತ ಅಂಗಿಯ ಹಾಗೆ ಕಂಡಿತು.
ನಡುವೆ ಒಂದು 'ದ' ಹೊಲಿದೆ: ಓಪನ್ ದ ವಾಲ್ವ್.
ಸರಿಹೋಯಿತೆಂದು ಜೋರಾಗಿ ಓದಿಕೊಂಡೆ.
ಬಾಯ್ಲರಿನ ಪಿಳ್ಳಾಂಜಿನಪ್ಪ ಬೂದಿ ಕೆದಕುತ್ತಲೇ ಕೇಳಿದ:
'ಯಾವ ವಾಲ್ವಕ್ಕಾ?'

ಅವನಿಗೆ ಇಂಗ್ಲಿಷ್ ಬರುವುದಿಲ್ಲ.
ವಾಲ್ವು ಬರುತ್ತದೆ.

ಇರುವುದು ಎರಡು. ಒಂದು ನೀರಿನದು, ಒಂದು ಹಬೆಯದು.
ನಡುವೆ ಒಂದು ಗೇಣು. ಒಂದೇ ಅಳತೆಯ ಚಕ್ರ, ಒಂದೇ ಬೂದುಬಣ್ಣ,
ಯಾವುದರ ಮೇಲೂ ಹೆಸರಿಲ್ಲ.
ಅವನ ಎಡಗೈ ಮೇಲೆ, ಮಣಿಕಟ್ಟಿನಿಂದ ಮೊಳಕೈವರೆಗೆ,
ಬಿಳಿಚಿಕೊಂಡ ಚರ್ಮ.
ಎಂದಿನದು ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಈ ಶೆಡ್ಡಿನಲ್ಲಿ ಚೌಕಾಸಿಗೆ ಉರ್ದು, ತಮಾಷೆಗೆ ತೆಲುಗು,
ಚೀಟಿಗೆ ಕನ್ನಡ, ಬೈಗುಳಕ್ಕೆ ಮೂರೂ.
ಮೂರರಲ್ಲೂ ಆ ಪದವಿಲ್ಲ, ಇಲ್ಲವೆಂದು ಯಾವ ಕೆಲಸವೂ ನಿಂತಿಲ್ಲ.
'ಅದೇ, ಅದು' ಅಂದರೆ ಸ್ಪ್ಯಾನರು ಬರುತ್ತದೆ.
ಗದ್ದ ಎತ್ತಿದರೆ ಬಕೆಟ್ಟು ಬರುತ್ತದೆ.
'ಸೌದೆ ಹಾಕು' ಅಂದರೆ ಯಾವುದಾದರೂ ಸೌದೆ,
'ಸೌದೆಯನ್ನು ಹಾಕು' ಅಂದರೆ ನಿನ್ನೆ ಸೀಳಿಟ್ಟದ್ದು.
ಆ ಸಣ್ಣ 'ಅನ್ನು' ಪದದ ಬಾಲದಲ್ಲಿ ಕೂತು
ಸದ್ದಿಲ್ಲದೆ ಬೆರಳು ಚಾಚುತ್ತದೆ.
ನಮ್ಮ 'ದ' ಕೂಡ ಬಾಲವೇ: ಮರದ, ಹೊಲದ, ಪಕ್ಕದ.
ಇಂಗ್ಲಿಷಿನದು ಪದಕ್ಕಿಂತ ಮೊದಲೇ ಬಂದು
ಹೊಸಿಲಲ್ಲಿ ನಿಂತು ಹೇಳುತ್ತದೆ,
ಹಿಂದೆ ಬರುತ್ತಿರುವವನು ನಿನಗೆ ಗೊತ್ತಿರುವವನೇ ಎಂದು.

ಗೊತ್ತಿಲ್ಲದಿದ್ದರೆ?

ಪಾಲಿಟೆಕ್ನಿಕ್ಕಿನಲ್ಲಿ ಇಂದ್ರಾಣಿ ಮೇಡಂ ಹೇಳಿದ್ದಿಷ್ಟು:
ಮೊದಲ ಸಲ 'ಎ', ಎರಡನೇ ಸಲ 'ದ',
ಸೂರ್ಯ ಒಬ್ಬನೇ, ಆದ್ದರಿಂದ 'ದ ಸನ್'.
ಬಿಟ್ಟ ಸ್ಥಳಕ್ಕೆ ಅರ್ಧರ್ಧ ಅಂಕ. ನಾನು ನಾಣ್ಯ ಚಿಮ್ಮಿ ತುಂಬುತ್ತಿದ್ದೆ.
ಅದು ಮಾತು ಕೊಟ್ಟ ಹಾಗೆ ಎಂದು
ಆಗ ಯಾರೂ ಹೇಳಲಿಲ್ಲ.

ಆಚೆ ಬದಿಯಲ್ಲಿ ಜೈಬೂನಮ್ಮ
ಕುದಿನೀರಿನಲ್ಲಿ ಕುಂಚ ಆಡಿಸುತ್ತಿದ್ದಾಳೆ.
ಗೂಡಿನ ಮೈತುಂಬ ಸಿಕ್ಕು. ಎಳೆದರೆ
ಯಾವುದೋ ಒಂದು ಎಳೆ ಬರುತ್ತದೆ, ತುಂಡಾಗುತ್ತದೆ.
ಮತ್ತೆ ಒಂದು. ಮತ್ತೆ ಒಂದು.
ಆಮೇಲೆ, ಕಣ್ಣಿಗಿಂತ ಮುಂಚೆ ಬೆರಳಿಗೆ ತಿಳಿದು,
ಗೂಡು ನೀರಲ್ಲಿ ಗಿರ್ರನೆ ತಿರುಗತೊಡಗುತ್ತದೆ.
'ಸಿಕ್ತು' ಅನ್ನುತ್ತಾಳೆ.
ಏನು ಎಂದು ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ.

ಇಂಫಾಲದ ಮನುಷ್ಯನಿಗೆ ಈ ಶೆಡ್ಡು ಕಾಣದು,
ಪಿಳ್ಳಾಂಜಿನಪ್ಪನ ಗದ್ದ ಕಾಣದು.
ಅವನ ತಾಯಿನುಡಿಯಲ್ಲೂ ಆ ಪದ ಇದ್ದಂತಿಲ್ಲ.
ಒದ್ದೆ ಕೈಯಲ್ಲಿ ನನ್ನ ಏಳನೇ ಪುಟ ಹಿಡಿದು
'ದ' ಅಂದಿದ್ದಾರೆ, ಒಂದೇ ಇರಬೇಕು, ಅಂದುಕೊಳ್ಳುತ್ತಾನೆ.
ಹತ್ತಿರ ಇದ್ದದ್ದನ್ನು ತಿರುಗಿಸುತ್ತಾನೆ.

'ಎಡಗಡೆಯ' ಎಂದು ಬರೆದೆ. ಯಾರ ಎಡ?
ಹೊಡೆದುಹಾಕಿದೆ.
'ಕೆಳಗಿನ' ಎಂದು ಬರೆದೆ. ಎರಡೂ ಸಮ ಎತ್ತರ.
ಹೊಡೆದುಹಾಕಿದೆ.

ಪಿಳ್ಳಾಂಜಿನಪ್ಪ ಎದ್ದು ಹೋದ.
ಕಿಟಕಿಗೆ ಬಳಿದು ಉಳಿದ ನೀಲಿ ಪೇಂಟು, ಕೂದಲುದುರಿದ ಬ್ರಷ್ಷು.
ನೀರಿನ ವಾಲ್ವಿನ ಚಕ್ರ ಪೂರ್ತಿ ಬಳಿದು,
ನೆಲದ ಮೇಲೆ ನಾಲ್ಕು ಹನಿ ಚೆಲ್ಲಿ,
'ಈಗ ಬರಕೊಳ್ಳಕ್ಕ' ಅಂದ.

ಬರೆದೆ: ಓಪನ್ ದ ಬ್ಲೂ ವಾಲ್ವ್.
ವ್ಯಾಕರಣ ಒಣಗಲು ಎರಡು ಗಂಟೆ ಹಿಡಿಯಿತು.

ಆ ಹೊತ್ತಿನಲ್ಲೇ ಕೊನೆಗೂ ಕೇಳಿದೆ,
ನಿನ್ನ ಕೈ ಸುಟ್ಟದ್ದು ಯಾವ ವಾಲ್ವು?

'ಅದೇ, ಅದು' ಅಂದ.
ಗದ್ದ ಕೂಡ ಎತ್ತಲಿಲ್ಲ.
ಎರಡನೇ ಕೋಟಿಗೆ ಬ್ರಷ್ಷು ಅದ್ದಿದ.